ಪೈಲವಾನನ ಅಳತೆ

೪ ಸೆಪ್ಟೆಂಬರ್ ೧೯೬೧, ಕೊಲ್ಹಾಪುರ

ಇಂದು ಡಾಕ್ಟರ್ ಜಿನದತ್ತ ನನ್ನ ಸೊಂಟದ ಪಟ್ಟಾ ಬಿಚ್ಚಿದರು. ಶಿವರಾತ್ರಿಯ ಮುಂದೆ ಶಾಹುಪುರಿಯ ನಮ್ಮ ಅಂಗಡಿಯಲ್ಲಿ ಬೆಲ್ಲದ ಪೆಂಟಿ ಹೇಗೆ ಒಟ್ಟಬೇಕೆಂದು ಹಮಾಲರಿಗೆ ತೋರಿಸಲು ಹೋಗಿ, ಮೇಲಿನಿಂದ ಕೂತ ಭಂಗಿಯಲ್ಲೇ ಕೆಳಗೆ ಬಿದ್ದಿದ್ದೆ. ಬಿದ್ದರೇನಾಯಿತು, ಒಟ್ಟುವ ರೀತಿ ನಾನು ತೋರಿಸಿದ್ದೇ ಸರಿ. ಹಮಾಲರು ಈಗಲೂ ಹಾಗೆಯೇ ಒಟ್ಟುತ್ತಾರೆ.

"ಗುರುಸಿದ್ದಪ್ಪಾರ, ಬೆನ್ನಾಗಿನ ಎಲುಬು ಒತ್ಗೊಂಡ ಕುಂತಾವ. ಮೊದಲಿನಂಗ ಆಗ್ತೇನಿ ಅನ್ನಬ್ಯಾಡ್ರಿ. ಕೋಲ ಹಿಡದ ಅಡ್ಯಾಡ್ರಿ" ಎಂದರು ಡಾಕ್ಟರ್.

ಕೋಲು ಹಿಡಿಯುವವರು ಮುದುಕರು ಮತ್ತು ಕುರಿ ಕಾಯುವವರು. ನಾನು ಎರಡೂ ಅಲ್ಲ. ಹದಿನೆಂಟು ವರ್ಷ ತಾಲೀಮಿನ ಗರಡಿಯ ಕೆಂಪು ಮಣ್ಣಿನಲ್ಲಿ ಕುಸ್ತಿ ಹಿಡಿದ ದೇಹ ಇದು. ಪಟ್ಟಾ ಬಿಚ್ಚಿದ ಕೂಡಲೇ ಎದ್ದು ನಿಂತೆ, ನಡೆದೆ. ಹೆಂಡತಿ ಕಲ್ಲವ್ವ ಮಾತ್ರ ಪಕ್ಕದಲ್ಲೇ ಬರುತ್ತಿದ್ದಳು, ಬೀಳುವ ಮಡಕೆಯನ್ನು ಹಿಡಿಯಲು ನಿಂತವಳ ಹಾಗೆ.

ಇಚಲಕರಂಜಿಯಿಂದ ಸಿಹಿ ಸುದ್ದಿ ಬಂದಿದೆ. ನಮ್ಮ ಯಮುನಾ ಗರ್ಭಿಣಿ. ನಮಗೆ ಒಬ್ಬಳೇ ಮಗಳು, ಎತ್ತರದಲ್ಲಿ ನನ್ನನ್ನೇ ಹೋತಿದ್ದಾಳೆ. ಪಕ್ಕದಲ್ಲಿ ನಿಂತರೆ ನನ್ನ ಹುಬ್ಬಿಗೆ ಬರುತ್ತಾಳೆ. ಚೊಚ್ಚಲ ಬಾಣಂತನ ತವರಲ್ಲಿ. ಮಾಳಿಗೆಯ ಮೇಲಿನ ಕೋಣೆಗೆ ಸುಣ್ಣ ಹೊಡೆಸಬೇಕು.

೯ ಸೆಪ್ಟೆಂಬರ್

ಕೋಲು ಬೇಡವೆಂದರೆ ಬೇಡ, ನಡೆಯಲಾದರೂ ಬನ್ನಿ ಎಂದು ಡಾಕ್ಟರ್ ಬೆಳಿಗ್ಗೆ ತಮ್ಮ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋದರು. ಊರ ಹೊರಗೆ ನಾಲ್ಕಾರು ಆಫೀಸರರು, ಮಿಲ್ಲಿನವರು ಸೇರಿ ಮಾಡಿಕೊಂಡ ಮಾಳ. ಉದ್ದನೆಯ ಕೋಲಿನಿಂದ ಲಿಂಬೆಹಣ್ಣಿನಷ್ಟು ಚೆಂಡು ಹೊಡೆಯುವುದು, ಅದು ಹೋದಲ್ಲಿಗೆ ನಡೆಯುವುದು, ಮತ್ತೆ ಹೊಡೆಯುವುದು, ಕೊನೆಗೆ ಒಂದು ಗುಣಿಯಲ್ಲಿ ಕೆಡವುವುದು. ಇಷ್ಟೇ ಆಟ. ನೋಡಿದರೆ ಮಕ್ಕಳ ಚಿಣಿಕೋಲಿನಂತಿದೆ. ಆದರೆ ಆಡುವವರೆಲ್ಲ ದೊಡ್ಡ ಮನುಷ್ಯರು, ಎಲ್ಲರ ಕೈಯಲ್ಲೂ ಕೋಲಿದೆ, ಯಾರನ್ನೂ ಯಾರೂ ಮುದುಕ ಎನ್ನುವುದಿಲ್ಲ. ಈ ವಿಷಯ ನನಗೆ ಬಹಳ ಹಿಡಿಸಿತು.

೧೭ ಸೆಪ್ಟೆಂಬರ್

ಒಂದು ಡ್ರೈವರ್ ಕೊಂಡೆ. ಎಲ್ಲಕ್ಕಿಂತ ದೂರ ಹೊಡೆಯುವ ಕೋಲಿಗೆ ಹಾಗೆನ್ನುತ್ತಾರೆ. ಊರು ಬಿಟ್ಟು ಹೋದ ಯಾರೋ ಸಾಹೇಬನದು. ಮುಷ್ಟಿಗಿಂತ ದೊಡ್ಡ ಕಟ್ಟಿಗೆಯ ತಲೆ, ಅದಕ್ಕೆ ಕಟ್ಟಿಗೆಯದೇ ಕಾವು. ಡ್ರೈವರ್ ತಂದೆ ಎಂದು ಬಾಗಿಲಲ್ಲೇ ಕೂಗಿದರೆ ಕಲ್ಲವ್ವ ಒಳಗಿನಿಂದ, "ಲಾರೀದಾವನೇನ್ರಿ? ಎರಡ ರೊಟ್ಟಿ ಹೆಚ್ಚಿಗಿ ಬಡೀಲ್ಯಾ?" ಎಂದಳು.

ಆದರೆ ಕೋಲು ನನ್ನ ಕೈಗೆ ಒಗ್ಗುತ್ತಿಲ್ಲ. ಬೇರೆಯವರ ಅಂಗಿ ಹಾಕಿಕೊಂಡ ಹಾಗಿದೆ. ನನ್ನ ಅಳತೆಗೆ ಹೊಸ ಕಾವು ಹಾಕಿಸುತ್ತೇನೆ ಎಂದೆ. ಡಾಕ್ಟರ್ ನಕ್ಕರು.

"ಚೆಂಡಿಗಿ ಇನ್ನೂ ನಿಮ್ಮ ಗುರ್ತ ಹತ್ತಿಲ್ಲ, ಆಗಲೇ ಅಳತಿ ಯಾಕ್ರಿ? ಎಲ್ಲಾರೂ ಸಿಕ್ಕಿದ್ದರಾಗ ಆಡ್ತಾರ. ಕೈ ಕುಂತ ಮ್ಯಾಲ ನೋಡೂಣಂತ."

"ಕುಪ್ಪಸ ಹೊಲಿಯಾವ ಅಳತಿ ತಗೋತಾನ, ಚಪ್ಪಲಿ ಹೊಲಿಯಾವ ತಗೋತಾನ. ಕೋಲಿಗೇನ ಬ್ಯಾನಿ?" ಎಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಬೇರೆಯವರಿಗೆ. ನಾನು ಕಾಲು ಇದ್ದಷ್ಟು ಹಾಸಿಗೆ ಮಾಡಿಸುವವನು.

೨೩ ಸೆಪ್ಟೆಂಬರ್

ಕೃಷ್ಣಾತ ಸುತಾರನ ಕಡೆಗೆ ಹೋದೆ. ತಾಲೀಮಿನ ಓಣಿಯಲ್ಲೇ ಅವನ ಬಡಗಿ ಅಂಗಡಿ. ನಾನು ಕುಸ್ತಿ ಆಡುವಾಗ ಎರಡೂ ಕೈಯಲ್ಲಿ ತಿರುಗಿಸುವ ಕಟ್ಟಿಗೆಯ ಕರೇಲಾ ಜೋಡಿ ಮಾಡಿಕೊಟ್ಟವನು ಅವನೇ. ಬಾಯಿ ಜೋರು. ತನ್ನಂಥ ಸುತಾರ ಪುಣೆಯಲ್ಲೂ ಇಲ್ಲ ಎಂದು ದಿನಕ್ಕೆ ಮೂರು ಸಲವಾದರೂ ಹೇಳುತ್ತಾನೆ. ಡ್ರೈವರನ್ನು ತಿರುಗಿಸಿ ನೋಡಿ, "ಹ್ಯಾ! ಇದೇನ್ ಸಾಹೇಬರ ಕೆಲಸ? ಕೊಡ್ಲಿ ಕಾವಿಗಿ ಹಾಕೂ ಧಾವಡಾ ಕಟಗಿ ಹಾಕತೇನಿ, ಬೀಸಿದ್ರ ಚೆಂಡ ಪನ್ಹಾಳಾ ಗಡದ ಮ್ಯಾಲ ಬೀಳಬೇಕ" ಎಂದ.

ಅಳತೆ ತೆಗೆದುಕೋ ಎಂದು ಎದೆ ಸೆಟೆಸಿ ನಿಂತೆ. ಕೃಷ್ಣಾತ ಎರಡೂ ಕಿವಿ ಮುಟ್ಟಿಕೊಂಡ.

"ಪೈಲವಾನ, ನಿಮ್ಮ ಮೈಗಿ ನಾ ದಾರ ಹಚ್ಚಲ್ಯಾ? ನಿಮ್ಮ ಮಾಪ ನನ್ನ ತಲ್ಯಾಗ ಐತಿ. ಶಪಥ್ ಘೇವೂನ ಸಾಂಗತೋ, ಆಣಿ ಮಾಡಿ ಹೇಳ್ತೇನಿ, ಒಂದ ನೂಲ ಹೆಚ್ಚ ಕಡಿಮಿ ಆಗೂದಿಲ್ಲ."

ಹೀಗಿರಬೇಕು ಮನುಷ್ಯ. ಇಷ್ಟು ವರ್ಷವಾದರೂ ನನ್ನ ಅಳತೆ ನೆನಪಿಟ್ಟಿದ್ದಾನೆ. ದಾರಿಯುದ್ದಕ್ಕೂ ನನಗೆ ಖುಷಿಯೋ ಖುಷಿ.

೮ ಅಕ್ಟೋಬರ್

ಡ್ರೈವರ್ ಸಿದ್ಧವಾಯಿತು. ನೋಡಲು ಏನು ಚೆಂದ! ಹಿಡಿಕೆಗೆ ಚಪ್ಪಲಿಯ ಮೆತ್ತನೆಯ ಚರ್ಮ ಸುತ್ತಿದ್ದಾನೆ. ಮೈದಾನದಲ್ಲಿ ಎಲ್ಲರೂ ಮುಟ್ಟಿ ನೋಡಿದರು.

ಮೊದಲ ಏಟು ಚೆಂಡಿಗೆ ಬೀಳಲಿಲ್ಲ, ಅದರ ಹಿಂದಿನ ನೆಲಕ್ಕೆ ಬಿತ್ತು. ಎರಡನೆಯದೂ ನೆಲಕ್ಕೇ. ಮೂರನೆಯದು ಚೆಂಡಿಗೆ ಬಿತ್ತು, ಆದರೆ ಅದು ಎಡಕ್ಕೆ ಹೊರಳಿ ಜಾಲಿ ಕಂಟಿಯಲ್ಲಿ ಹೋಗಿ ಕೂತಿತು. ಇಲ್ಲಿಯ ನೆಲ ಸರಿಯಿಲ್ಲ. ಮಳೆಗಾಲದಲ್ಲಿ ಉಬ್ಬಿರಬೇಕು.

ಮನೆಗೆ ಬಂದು ಹೇಳಿದರೆ ಕಲ್ಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಳಂತ" ಎಂದಳು.

೧೭ ಅಕ್ಟೋಬರ್

ದಸರೆಗೆಂದು ಬೀಗರು ದಾದಾಸಾಹೇಬರು ಇಚಲಕರಂಜಿಯಿಂದ ಒಂದು ಜೋಡಿ ಧೋತರ ಕಳಿಸಿದ್ದಾರೆ. ಅವರದೇ ಮಗ್ಗದ್ದು. ಮದುವೆಯಾದಾಗಿನಿಂದ ಹಬ್ಬಕ್ಕೆ ಕಳಿಸುತ್ತಾರೆ. ನೂಲು ಒಳ್ಳೆಯದು, ಅಂಚು ಒಳ್ಳೆಯದು. ಉಟ್ಟು ನಿಂತರೆ ಅಂಚು ನೆಲ ಗುಡಿಸುತ್ತದೆ! ಎಡವಿ ಬಾಗಿಲು ಹಿಡಿದುಕೊಂಡೆ. ನನ್ನ ಹಳೆಯ ಧೋತರಗಳೆಲ್ಲ ಹಿಮ್ಮಡಿಯ ಮೇಲೆ ಸರಿಯಾಗಿ ನಿಲ್ಲುತ್ತವೆ. ಅಂದರೆ ಬೀಗರು ಪನ್ನಾ, ಬಟ್ಟೆಯ ಅಗಲ, ಹೆಚ್ಚು ಮಾಡಿದ್ದಾರೆ. ಈಗ ಸರಕಾರ ಗಜ ಬಿಟ್ಟು ಮೀಟರ್ ತಂದಿದೆಯಲ್ಲ, ಆ ಲೆಕ್ಕದಲ್ಲಿ ಅವರ ತಲೆ ಕೆಟ್ಟಿರಬೇಕು.

ತಂದವನ ಕೈಯಲ್ಲೇ ತಿರುಗಿ ಕಳಿಸಿದೆ. "ನನಗ ಧೋತರ ಬೇಕಾಗೈತಿ, ಮಂಟಪದ ಬಟ್ಟಿ ಅಲ್ಲ ಅಂತ ಹೇಳು" ಎಂದೆ. ಕಲ್ಲವ್ವ ಏನೋ ಹೇಳಲು ಬಂದವಳು ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವಳು ಬಾಯಿ ಮುಚ್ಚಿಕೊಳ್ಳುವುದು ಅಪರೂಪ, ಅದಕ್ಕೇ ಬರೆದಿಡುತ್ತಿದ್ದೇನೆ.

೨೯ ಅಕ್ಟೋಬರ್

ಎಡಕ್ಕೆ. ಎಡಕ್ಕೆ. ನೆಲಕ್ಕೆ. ಎಡಕ್ಕೆ.

ಡಾಕ್ಟರ್ ತಮ್ಮ ಹಳೆಯ ಡ್ರೈವರ್ ಕೊಟ್ಟು, ಇದನ್ನು ಬೀಸಿ ನೋಡಿ ಎಂದರು. ಅದು ಗಿಡ್ಡ, ಹುಡುಗರಿಗೆ ಮಾಡಿದ್ದು. ಮುಟ್ಟಲಿಲ್ಲ.

೧೯ ನವೆಂಬರ್, ಗಡಹಿಂಗ್ಲಜ

ಗಾಣದ ಹಂಗಾಮು ಶುರುವಾಗಿದೆ. ಬೆಲ್ಲ ನೋಡಲು ಎಸ್‌ಟಿ ಬಸ್ಸು ಹಿಡಿದು ಊರಿಗೆ ಬಂದೆ. ಎಸ್‌ಟಿಯವರು ಗಾಡಿಗಳ ಮಾಡು ಎತ್ತರ ಮಾಡಿದ್ದಾರೆ, ಒಳ್ಳೆಯ ಕೆಲಸ. ಮೊದಲು ನಾನು ನಿಂತು ಬಂದರೆ ತಲೆ ತಗಲುತ್ತಿತ್ತು. ನಮ್ಮ ಹಳೆಯ ಮನೆಯ ಬಾಗಿಲಲ್ಲಿ ಪ್ರತಿ ಸಲ ಹಣೆ ಬಡಿಸಿಕೊಳ್ಳುತ್ತಿದ್ದೆ, ಈ ಸಲ ಅದೂ ಇಲ್ಲ. ನನಗೆ ಬಗ್ಗಿ ನಡೆಯುವ ವಿನಯ ಬಂದಿದೆ ಎಂದು ಕಲ್ಲವ್ವನಿಗೆ ಹೇಳಬೇಕು.

ಹಿರಣ್ಯಕೇಶಿಯ ದಂಡೆಯವರೆಗೆ ಡ್ರೈವರ್ ಹಿಡಿದು ನಡೆದೆ. ತಲೆ ಮೇಲೆ ಮಾಡಿ ಹಿಡಿದರೆ ಕೈಗೆ ಚೆನ್ನಾಗಿ ಕೂಡುತ್ತದೆ. ಇದು ಕೋಲು ಹಿಡಿದಂತಲ್ಲ, ಗಾಲ್ಫ್ ಆಡುವವರೆಲ್ಲ ಹೀಗೇ ಹಿಡಿಯುತ್ತಾರೆ.

೫ ಡಿಸೆಂಬರ್, ಕೊಲ್ಹಾಪುರ

ಯಮುನಾಳ ಸೀಮಂತದ ಕುಬಸ ಇಂದು ಇಚಲಕರಂಜಿಯಲ್ಲಿ ಆಯಿತು. ಹಂಗಾಮಿನ ಕಾಲ, ಅಂಗಡಿ ಬಿಡಲಾಗದೆಂದು ನಾನು ಹೋಗಲಿಲ್ಲ. ಸೀರೆ, ಹಸಿರು ಬಳೆ ತೆಗೆದುಕೊಂಡು ಕಲ್ಲವ್ವ ಹೋಗಿದ್ದಳು. ಸಂಜೆ ಬಂದವಳು ಕಾಲು ತೊಳೆಯದೆ ನನ್ನ ಮುಂದೆ ಕೂತಳು.

"ಹುಡುಗಿನ್ನ ಯಾವಾಗ ಕಳಸ್ತೀರಿ ಅಂತ ಕೇಳಿದ್ನಿ. ಬೀಗರ ಏನಂದ್ರ ಗೊತ್ತೈತೇನ? 'ನನ್ನ ಮಗ್ಗಕ್ಕ ಹೆಸರಿಟ್ಟವರ ಮನೀಗಿ ಸೊಸಿನ್ನ ಕಳಸೂದಿಲ್ಲ. ಬಾಣಂತನ ಇಲ್ಲೇ ಆಗ್ತೈತಿ' ಅಂದ್ರು. ಮೂವತ್ತ ವರ್ಷದಾಗ ಅವರ ಪನ್ನಾಕ್ಕ ಯಾರೂ ಬಟ್ಟ ತೋರಿಸಿಲ್ಲಂತ. ಎಲ್ಲಾರ ಮುಂದ ಕಣ್ಣಾಗ ನೀರ ತಂದ್ರು ಆ ಮನಶ್ಯಾ."

"ಪನ್ನಾ ಹೆಚ್ಚಾಗಿದ್ದು ಖರೇ ಐತಿ" ಎಂದೆ.

"ಯಮುನಾ ಅತ್ಲು" ಎಂದಳು ಕಲ್ಲವ್ವ. ಎದ್ದು ಕಾಲು ತೊಳೆಯಲು ಹೋದಳು.

೬ ಡಿಸೆಂಬರ್

ನಾನು ಹೋಗಿ ಕಾಲು ಹಿಡಿಯುವುದಿಲ್ಲ. ಉದ್ದ ಇದ್ದದ್ದನ್ನು ಉದ್ದ ಎಂದಿದ್ದೇನೆ.

೨೨ ಡಿಸೆಂಬರ್

ಮೇಲಿನ ಕೋಣೆಗೆ ಸುಣ್ಣ ಹೊಡೆದು ಹೋದರು. ಬಾಣಂತಿಯ ಹೊರಸು ಬಡಿಗೇರನ ಕಡೆಯಿಂದ ಬಂದಿದೆ. ತೊಟ್ಟಿಲನ್ನು ಅಟ್ಟದಿಂದ ಇಳಿಸಿದ್ದೇವೆ, ಯಮುನಾ ಮಲಗಿದ ತೊಟ್ಟಿಲು. ಅವಳಿಲ್ಲದೆ ಆ ಕೋಣೆಗೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ. ಮಗಳನ್ನು ನೋಡಬೇಕು ಎನಿಸುತ್ತದೆ, ಬೇರೆ ಏನೂ ಅಲ್ಲ.

ಸಂಕ್ರಾಂತಿ ಮುಗಿದ ಮೇಲೆ ಅಷ್ಟಗ್ರಹ ಕೂಡುತ್ತವಂತೆ, ಎಂಟು ಗ್ರಹ ಒಂದೇ ಮನೆಯಲ್ಲಿ. ಲೋಕವೇ ಮುಳುಗುತ್ತದೆ ಎನ್ನುತ್ತಾರೆ. ಲೋಕ ಮುಳುಗಲಿಕ್ಕಿಲ್ಲ, ಆದರೆ ಆ ಹೊತ್ತಿಗೆ ಬಸುರಿಯನ್ನು ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಆಮೇಲೆ ಅವಳಿಗೆ ಒಂಬತ್ತು ತುಂಬುತ್ತದೆ. ಬರುವುದಿದ್ದರೆ ಅದಕ್ಕೂ ಮುಂಚೆ ಬರಬೇಕು.

೨ ಜನವರಿ ೧೯೬೨

ಸಿಟ್ಟು ಯಾರ ಮೇಲಾದರೂ ತೀರಿಸಬೇಕಲ್ಲ, ಡ್ರೈವರ್ ತೆಗೆದುಕೊಂಡು ಕೃಷ್ಣಾತನ ಮೇಲೆ ಹೋದೆ. ನೀನು ಕಾವು ಉದ್ದ ಮಾಡಿದ್ದೀಯ ಎಂದೆ. ಅವನು ಕುದಿದುಬಿಟ್ಟ.

"ಉದ್ದ? ನಾಚತಾ ಯೇಇನಾ ಅಂಗಣ ವಾಕಡೆ!" ಎಂದು ಕಲ್ಲವ್ವನ ಗಾದೆಯನ್ನೇ ಮರಾಠಿಯಲ್ಲಿ ಹೇಳಿದ. "ನಿಮ್ಮ ಮಾಪ ತಾಲೀಮಿನ ಕಂಬದ ಮ್ಯಾಲ ಐತಿ. ನಡೀರಿ, ನಡೀರಿ, ತೋರಸ್ತೇನಿ."

ತಾಲೀಮಿನ ಬಾಗಿಲಿನ ಕಂಬಕ್ಕೆ ಹಳೆಯ ಪೈಲವಾನರ ಎತ್ತರದ ಗೆರೆಗಳನ್ನು ಉಳಿಯಿಂದ ಕೆತ್ತಿದ್ದಾರೆ. ಕೆತ್ತಿದವನು ಕೃಷ್ಣಾತನೇ. ಎಲ್ಲಕ್ಕಿಂತ ಮೇಲಿನದು ನನ್ನದು. ಚಪ್ಪಲಿ ಬಿಟ್ಟು, ರುಮಾಲು ತೆಗೆದು, ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಕೃಷ್ಣಾತ ನನ್ನ ತಲೆಯ ಮೇಲೆ ಅಂಗೈಯಿಟ್ಟ. ತಿರುಗಿ ನೋಡಿದರೆ ಗೆರೆ ಅವನ ಅಂಗೈಗಿಂತ ನಾಲ್ಕು ಬೆರಳು ಮೇಲಿತ್ತು.

"ನೆಲ ಕುಸದೈತಿ. ಅಖಾಡದ ಮಣ್ಣ ತಗದ ತಗದ ತಗ್ಗ ಬಿದ್ದೈತಿ" ಎಂದೆ.

"ಹೌದ್ರಿ, ಇದ್ದರೂ ಇರಬೇಕ" ಎಂದ ಕೃಷ್ಣಾತ. ಅವನ ಗೆರೆಯೂ ಅಲ್ಲೇ ಕೆಳಗಿದೆ, ಹುಡುಗಾಟಕ್ಕೆ ತಾನೇ ಕೆತ್ತಿಕೊಂಡದ್ದು. ನೀನೂ ನಿಲ್ಲು ಎಂದೆ. ಬೇಡವೆಂದ. ಹಿಡಿದು ನಿಲ್ಲಿಸಿದೆ. ಅವನ ತಲೆ ಅವನ ಗೆರೆಗೆ ಸರಿಯಾಗಿ ಕೂತಿತು, ಒಂದು ನೂಲು ಹೆಚ್ಚು ಕಡಿಮೆ ಇಲ್ಲ.

ನೆಲ ನನ್ನೊಬ್ಬನ ಕಾಲ ಕೆಳಗೆ ಮಾತ್ರ ಕುಸಿಯುವುದಿಲ್ಲ.

೩ ಜನವರಿ

ಮೈದಾನಕ್ಕೆ ಹೋಗಲಿಲ್ಲ. ನನ್ನ ಹಳೆಯ ಧೋತರವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಂಚಿನ ಮೇಲೆ ಒಂದು ಮಡಿಕೆ, ಮಡಿಕೆಯುದ್ದಕ್ಕೂ ಸೂಜಿ ದಾರದ ಸಣ್ಣ ಟಾಕಿ. ಇನ್ನೊಂದರಲ್ಲೂ ಹಾಗೆಯೇ. ಪೆಟ್ಟಿಗೆಯಲ್ಲಿದ್ದ ಎಲ್ಲದರಲ್ಲೂ. ಮಡಿಕೆಯ ಅಗಲ ನಾಲ್ಕು ಬೆರಳು.

"ಯಾವಾಗ ಹೊಲದಿ?" ಎಂದೆ.

"ನೀವ ಪಟ್ಟಾ ಹಾಕ್ಕೊಂಡ ಮಲಗಿದ್ರಲ್ಲ, ಆವಾಗ" ಎಂದಳು ಕಲ್ಲವ್ವ. "ಡಾಕ್ಟರ ಹೇಳಿದ್ರು ನನಗ, ಎತ್ತರ ಕಡಿಮಿ ಆಗ್ತೈತಿ ಅಂತ. ಎಡವಿ ಬಿದ್ದರ ಮತ್ತ ಯಾರ ಎತ್ತಬೇಕ್ರಿ?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವ ಮನಿ ಕೆಡವಿ ಗ್ವಾಡಿ ಎತ್ತರಾಗ್ಯಾವ ಅಂತಿದ್ರಿ."

ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಬೆನ್ನು ನೋಯುವವರೆಗೆ. ಆಮೇಲೆ ಸ್ವಲ್ಪ ಅತ್ತೆ ಕೂಡ. ಕಲ್ಲವ್ವ ಹಾಗೇ ಕೂತಿದ್ದಳು, ಕೈಯಲ್ಲಿ ಧೋತರ ಹಿಡಿದುಕೊಂಡು.

೭ ಜನವರಿ

ಕೃಷ್ಣಾತ ಇಂದು ದಾರ ಹಚ್ಚಿಯೇ ಅಳತೆ ತೆಗೆದ. ಎದೆ ಸೆಟೆಸಲಿಲ್ಲ, ಹೇಗೆ ನಿಲ್ಲುತ್ತೇನೋ ಹಾಗೇ ನಿಂತೆ. ಇಷ್ಟು ಕತ್ತರಿಸಲೇ ಎಂದು ಮೂರು ಸಲ ಕೇಳಿದ, ಬೆರಳೇ ಕತ್ತರಿಸುತ್ತಿರುವವನ ಹಾಗೆ. "ಕೊಯ್ಯೋ ಮಾರಾಯಾ, ಕಟಗಿ ಅದು" ಎಂದೆ.

ಮೈದಾನದಲ್ಲಿ ಮೊದಲ ಏಟಿಗೇ ಚೆಂಡು ನೆಟ್ಟಗೆ ಹೋಯಿತು. ದೂರ ಹೋಗಲಿಲ್ಲ, ಆದರೆ ನೆಟ್ಟಗೆ ಹೋಯಿತು. ಡಾಕ್ಟರ್ ಚಪ್ಪಾಳೆ ತಟ್ಟಿ, "ಹಂಗಾರ ಅಳತಿ ಮಾಡಿಸೂದ ಛಲೋನ ಅನ್ರಿ" ಎಂದರು. ನಾನು ಮೊದಲಿನಿಂದಲೂ ಅದನ್ನೇ ಹೇಳುತ್ತಾ ಬಂದಿದ್ದೇನೆ. ಅಳತೆ ಯಾರದು ಎಂದು ಮಾತ್ರ ನೋಡಿಕೊಳ್ಳಬೇಕು. ತಪ್ಪು ಅಳತೆಗೆ ಮಾಡಿಸಿದ ಕೋಲಿಗಿಂತ ಯಾವನೋ ಸಾಹೇಬನ ಕೋಲೇ ವಾಸಿ.

೧೦ ಜನವರಿ, ಇಚಲಕರಂಜಿ

ಬೆಳಗಿನ ಎಸ್‌ಟಿಗೆ ಹೊರಟು ಬಂದೆ. ಸ್ಟ್ಯಾಂಡಿನಿಂದ ಬೀಗರ ಮನೆಯವರೆಗೆ ಡ್ರೈವರ್ ಊರಿಕೊಂಡು ನಡೆದೆ. ಒಬ್ಬಿಬ್ಬರು ನೋಡಿದರು, ನೋಡಲಿ.

ದಾದಾಸಾಹೇಬರು ಮಗ್ಗದ ಶೆಡ್ಡಿನಲ್ಲಿದ್ದರು. ಖಟ್ ಖಟ್ ಎಂದು ಹನ್ನೆರಡು ಮಗ್ಗಗಳ ಸದ್ದು. ಪಕ್ಕದವನು ಸತ್ತರೂ ಕೇಳುವುದಿಲ್ಲ. ನನ್ನನ್ನು ನೋಡಿ ಮುಖ ಬಿಗಿದುಕೊಂಡರು.

"ಬೀಗರ, ನಿಮ್ಮ ಪನ್ನಾ ಬರೋಬ್ಬರಿ ಐತಿ" ಎಂದೆ.

ಕಿವಿಗೆ ಕೈ ಹಚ್ಚಿದರು, ಕೇಳಿಸಲಿಲ್ಲ ಎಂಬಂತೆ. ಹತ್ತಿರ ಹೋಗಿ ಕೂಗಿದೆ. ಮತ್ತೂ ಕೈ ಆಡಿಸಿದರು. ನಾನು ಕುಸ್ತಿಯ ಕಣದಲ್ಲಿ ಕೂಗುವ ಹಾಗೆ, ಎದೆಯಲ್ಲಿದ್ದ ಉಸಿರೆಲ್ಲ ಹಾಕಿ ಕೂಗಿದೆ. ಅದೇ ಹೊತ್ತಿಗೆ ಕರೆಂಟು ಹೋಗಬೇಕೇ? ಹನ್ನೆರಡು ಮಗ್ಗವೂ ಒಮ್ಮೆಗೇ ನಿಂತವು.

"ನಾನ ಗಿಡ್ಡ ಆಗೇನ್ರೀ!"

ಶೆಡ್ಡಿನ ತುಂಬ ನನ್ನದೊಂದೇ ದನಿ. ಕೆಲಸಗಾರರೆಲ್ಲ ತಿರುಗಿ ನೋಡಿದರು. ಒಳಬಾಗಿಲಲ್ಲಿ ಯಮುನಾ ಬಂದು ನಿಂತಿದ್ದಳು, ಬಾಗಿಲ ಚೌಕಟ್ಟು ಹಿಡಿದುಕೊಂಡು. ಕೂಗಿಯಾಗಿತ್ತು, ಇನ್ನೇನು ಮುಚ್ಚಿಡುವುದು? "ಬೆಲ್ಲದ ಮ್ಯಾಲಿಂದ ಬಿದ್ದ ಬೆನ್ನ ಕುಂತೈತಿ. ನಾಕ ಬಟ್ಟ ಕಡಿಮಿ ಆಗೇನಿ. ನಿಮ್ಮ ಮಗ್ಗದ್ದೇನೂ ತಪ್ಪಿಲ್ಲ. ಆ ಧೋತರ ತಿರಗಿ ಕೊಡ್ರಿ, ನಾ ಉಡತೇನಿ" ಎಂದೆ.

ದಾದಾಸಾಹೇಬರು ಬಗ್ಗಿ ತಮ್ಮ ಧೋತರದ ಅಂಚು ಎತ್ತಿ ತೋರಿಸಿದರು. ಅಲ್ಲೂ ಒಂದು ಮಡಿಕೆ, ಟಾಕಿ ಹಾಕಿದ್ದು. ನನ್ನದರಷ್ಟು ಅಗಲವಿರಲಿಲ್ಲ.

"ಒಬ್ಬಾವನ ಸಲವಾಗಿ ಪನ್ನಾ ಬದಲ ಮಾಡಾಕ ಬರೂದಿಲ್ರಿ ಬೀಗರ. ಮಡಚಿ ಉಡೂದ. ಬಿದ್ದಿಲ್ಲ ಮಾಡಿಲ್ಲ, ನಾನೂ ಎರಡ ವರ್ಷ ಆತು ಮಡಚಿ ಉಡಾಕತ್ತೇನಿ. ಯಾರಿಗೂ ಹೇಳಿದ್ದಿಲ್ಲ."

ಊಟಕ್ಕೆ ಕೂತಾಗ ತಮ್ಮ ಕೈಯಾರೆ ನನ್ನ ತಾಟಿಗೆ ತುಪ್ಪ ಬಡಿಸಿದರು. ಅಷ್ಟಗ್ರಹಕ್ಕೆ ಮುಂಚೆಯೇ ಒಳ್ಳೆಯ ದಿನ ನೋಡಿ ಕರೆದುಕೊಂಡು ಹೋಗಿ ಎಂದರು.

೨೬ ಜನವರಿ, ಕೊಲ್ಹಾಪುರ

ಯಮುನಾ ಬಂದಳು.

ಟಾಂಗಾ ಇಳಿಯುವಾಗ ಅವಳು ಹೊಟ್ಟೆಯ ಭಾರಕ್ಕೆ ಹಿಂದಕ್ಕೆ ವಾಲಿದ್ದಳು. ನಾನು ಬೆನ್ನಿನ ಕಾರಣದಿಂದ ಮುಂದಕ್ಕೆ. ಕಲ್ಲವ್ವ ರೊಟ್ಟಿಯ ತುಣುಕು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು, ದೃಷ್ಟಿ ತೆಗೆಯಲು. "ಇಬ್ರೂ ಜೋಡಿ ನಿಂದರ್ರಿ. ಅಪ್ಪಗೂ ಮಗಳಿಗೂ ಒಮ್ಮೆ ನಿವಾಳಸ್ತೇನಿ" ಎಂದಳು. ನಿಂತೆವು. ಕಲ್ಲವ್ವನ ಕೈ ಯಮುನಾಳ ತಲೆಯ ಮೇಲಿಂದ ನನ್ನ ತಲೆಯ ಮೇಲೆ ನೆಟ್ಟಗೆ ಬಂತು, ಏರಲೂ ಇಲ್ಲ, ಇಳಿಯಲೂ ಇಲ್ಲ.

ಯಮುನಾ ನನ್ನ ಕಡೆ ತಿರುಗಿದಳು. ಅವಳ ಕಣ್ಣುಗಳು ನನ್ನ ಕಣ್ಣಿನ ಸರಿಸಮ ಇದ್ದವು. "ಅಪ್ಪಾ..." ಎಂದು ನಿಲ್ಲಿಸಿದಳು.

"ಹುಡುಗಿ ಬೆಳದಾಳ್ರಿ" ಎಂದಳು ಕಲ್ಲವ್ವ.

ಇಷ್ಟು ವರ್ಷದ ಸಂಸಾರದಲ್ಲಿ ಕಲ್ಲವ್ವ ನನ್ನನ್ನು ಖುಷಿಪಡಿಸಲು ಒಂದು ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ. "ಹೌದ, ಬೆಳದಾಳ" ಎಂದೆ.

ಮಾಳಿಗೆಯ ಮೆಟ್ಟಿಲು ಕಡಿದಾದದ್ದು, ಯಮುನಾ ಕೆಳಗೇ ನಿಂತಳು. ಡ್ರೈವರನ್ನು ತಿರುಗಿಸಿ ಅವಳ ಕೈಗೆ ಕೊಟ್ಟೆ. ಊರಿ ನೋಡಿದಳು. "ಅಪ್ಪಾ, ನನ್ನ ಅಳತೀಗೇ ಮಾಡಿಸಿದಂಗ ಐತಿ" ಎಂದಳು. ಮೊದಲೇ ಹೇಳಿದ್ದೆನಲ್ಲ, ಕೃಷ್ಣಾತನಂಥ ಸುತಾರ ಪುಣೆಯಲ್ಲೂ ಇಲ್ಲ. ಅವಳು ಕೋಲೂರಿ ಮುಂದೆ ಹತ್ತಿದಳು, ನಾನು ಒಂದು ಮೆಟ್ಟಿಲು ಹಿಂದೆ, ಅವಳ ಹೆಗಲ ಮೇಲೆ ಕೈಯಿಟ್ಟು ಹತ್ತಿದೆ. ಹೆಗಲು ನನ್ನ ಕೈಗೆ ಸರಿಯಾಗಿ ಸಿಕ್ಕಿತು.